ಎತ್ತಿಕೊಳ್ಳುವ ಮುನ್ನ

ವಿದೇಶದಿಂದ ಬಂದ ವಿಮಾನ ನೆಲಕ್ಕಿಳಿದ ಮಾತ್ರಕ್ಕೆ ಪ್ರಯಾಣ ಮುಗಿಯುವುದಿಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಮುಂದೆ ಬಂದರೆ, ವಿಶಾಲವಾದ ಅಂಗಣದಲ್ಲಿ ಕಪ್ಪು ಬೆಲ್ಟು ಸುತ್ತುತ್ತಿರುತ್ತದೆ. ಅದರ ಸುತ್ತ ನೂರಾರು ಜನ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ದಣಿದವರು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು, ಹೊರಗೆ ಕಾದಿರುವವರಿಗೆ ಫೋನಿನಲ್ಲಿ ಸಮಾಧಾನ ಹೇಳುವವರು. ಎಲ್ಲರ ಕಣ್ಣೂ ಒಂದೇ ಕಿಂಡಿಯ ಮೇಲೆ. ಪರದೆಯನ್ನು ತಳ್ಳಿಕೊಂಡು ಪೆಟ್ಟಿಗೆಯೊಂದು ಹೊರಬಂದಾಗಲೆಲ್ಲ ‘ಇದು ನನ್ನದೇ?’ ಎಂಬ ಪ್ರಶ್ನೆ ಅಷ್ಟೂ ಮನಸ್ಸುಗಳಲ್ಲಿ ಒಮ್ಮೆಗೇ ಏಳುತ್ತದೆ.

ಯಾವುದು ನನ್ನದು, ಯಾವುದು ನನ್ನದಲ್ಲ ಎಂಬುದನ್ನು ಅರಿಯುವುದೇ ಸಮ್ಯಕ್ ಜ್ಞಾನದ ಮೊದಲ ಹೆಜ್ಜೆಯೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ಆ ಮಾತನ್ನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೆ. ಬೇರೆಯವರಿಗೆ ಹೇಳಿಯೂ ಇದ್ದೆ. ಅದು ನನ್ನ ಅನುಭವಕ್ಕೆ ಬಂದದ್ದು ಒಂದು ಪೆಟ್ಟಿಗೆಯಿಂದ.

ಎರಡು ವರ್ಷಗಳ ಹಿಂದಿನ ಮಾತು. ಮಗಳ ಮನೆಯಲ್ಲಿ ಮೂರು ತಿಂಗಳು ಕಳೆದು ನಾನೂ ನನ್ನ ಪತ್ನಿಯೂ ಕೊಲ್ಲಿ ದೇಶದ ನಗರವೊಂದರಲ್ಲಿ ವಿಮಾನ ಬದಲಿಸಿ, ಬೆಳಗಿನ ಜಾವ ಮೂರು ಗಂಟೆಗೆ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿದೆವು. ಮುಕ್ಕಾಲು ಗಂಟೆ ಕಾದ ಮೇಲೆ ಕಪ್ಪು ಪೆಟ್ಟಿಗೆಯೊಂದು ಬಂತು. ಹಿಡಿಕೆಗೆ ಕೆಂಪು ಪಟ್ಟಿ ಕಟ್ಟಿತ್ತು. ಗುರುತು ಸಿಗಲೆಂದು ಮಗಳು ನಮ್ಮ ಪೆಟ್ಟಿಗೆಗೂ ಕೆಂಪು ಪಟ್ಟಿಯನ್ನೇ ಕಟ್ಟಿದ್ದಳು. ನಾನು ಮುನ್ನುಗ್ಗಿ ಅದನ್ನು ಎಳೆದುಕೊಂಡೆ.

“ಚೀಟಿ ನೋಡಿದಿರಾ?” ಎಂದು ಪತ್ನಿ ಕೇಳಿದಳು.

“ನಮ್ಮದನ್ನು ನಾನು ಗುರುತಿಸಲಾರೆನೇ?” ಎಂದೆ.

ಹೊರಗೆ ಕಾರು ಕಾದಿತ್ತು. ಮೈಸೂರಿನ ದಾರಿ ಹಿಡಿದು, ಬಿಡದಿಯ ಬಳಿ ಕಾಫಿಗೆಂದು ನಿಂತಾಗ ಫೋನು ಬಂತು. “ನಿಮ್ಮ ಹೆಸರಿನ ಪೆಟ್ಟಿಗೆ ಇಲ್ಲೇ ಉಳಿದಿದೆ. ಬೇರೊಬ್ಬರ ಪೆಟ್ಟಿಗೆ ನಿಮ್ಮಲ್ಲಿಗೆ ಬಂದಿರಬಹುದು, ದಯವಿಟ್ಟು ನೋಡಿ” ಎಂದು ಆ ಕಡೆಯಿಂದ ವಿನಯದ ದನಿ. ನಾನು ಸಿಡುಕಿದೆ. “ನಮ್ಮ ಪೆಟ್ಟಿಗೆ ನಮ್ಮ ಬಳಿಯೇ ಇದೆ. ನಿಮ್ಮ ಲೆಕ್ಕ ಸರಿಯಾಗಿ ನೋಡಿಕೊಳ್ಳಿ” ಎಂದು ಫೋನು ಇಟ್ಟೆ. ಪತ್ನಿ ಏನೂ ಹೇಳದೆ ಎದ್ದುಹೋಗಿ ಕಾರಿನ ಹಿಂಬಾಗಿಲನ್ನು ತೆರೆಸಿದಳು. ಹಿಡಿಕೆಯ ಚೀಟಿಯಲ್ಲಿ ಅಪರಿಚಿತ ಹೆಸರೊಂದು ಅಚ್ಚಾಗಿತ್ತು.

ಬೆಂಗಳೂರಿನ ಮುಂಜಾನೆಯ ವಾಹನದಟ್ಟಣೆಯನ್ನು ದಾಟಿ ಮತ್ತೆ ದೇವನಹಳ್ಳಿಯ ಕಡೆಗೆ ಹೋಗಿ ಮುಟ್ಟಿದಾಗ ಎಂಟೂವರೆ. ಪೆಟ್ಟಿಗೆಯ ಒಡತಿ ಚಿಂತಾಮಣಿ ಸಮೀಪದ ಹಳ್ಳಿಯ ಹೆಣ್ಣುಮಗಳು. ಕೊಲ್ಲಿಯ ಮನೆಯೊಂದರಲ್ಲಿ ಹಾಸಿಗೆ ಹಿಡಿದ ವೃದ್ಧೆಯ ಆರೈಕೆಗೆಂದು ಹೋಗಿ, ಮೂರು ವರ್ಷದ ಮೇಲೆ ಊರಿಗೆ ಬಂದಿದ್ದಳು. ದೂರು ಬರೆದುಕೊಟ್ಟು ಮನೆಗೆ ಹೋಗಿ, ಪೆಟ್ಟಿಗೆ ಸಿಕ್ಕಿದ ಕೂಡಲೇ ತಲುಪಿಸುತ್ತೇವೆ ಎಂದು ಸಿಬ್ಬಂದಿ ಎಷ್ಟು ಹೇಳಿದರೂ ಆಕೆ ಕದಲಿರಲಿಲ್ಲ. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂಬ ಭಯ. ಗಾಜಿನ ಗೋಡೆಯ ಆಚೆ ಆಕೆಯ ಹತ್ತು ವರ್ಷದ ಮಗ ತಾತನೊಡನೆ ರಾತ್ರಿಯಿಂದ ಕಾದು ನಿಂತಿದ್ದ.

ಕಾಗದಪತ್ರಗಳು ಮುಗಿದು ಪೆಟ್ಟಿಗೆ ಕೈಸೇರಿದಾಗ ಆಕೆ ಅಲ್ಲಿಯೇ ಅದನ್ನು ತೆರೆದು, ಬಟ್ಟೆಗಳ ನಡುವಿನಿಂದ ಒಂದು ಜೊತೆ ಶೂ ತೆಗೆದು ನೋಡಿ ಮತ್ತೆ ಒಳಗಿಟ್ಟಳು. ನಾನು ಕೈಮುಗಿದೆ. “ಬಿಡಿ ಅಪ್ಪಾಜಿ, ಎರಡೂ ಒಂದೇ ತರಹ ಇವೆ. ನಾನು ಮೊದಲು ಬಂದಿದ್ದರೆ ನಿಮ್ಮದನ್ನೇ ಒಯ್ದಿರುತ್ತಿದ್ದೆ” ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: “ನಾನು ಹೋಗುವಾಗ ಅವನಿಗೆ ಏಳು ವರ್ಷ. ಈಗ ಕಾಲಿನ ಅಳತೆ ಎಷ್ಟೋ ಗೊತ್ತಿಲ್ಲ. ಅಂದಾಜಿನ ಮೇಲೆ ತಂದೆ.”

ಮೂರು ವರ್ಷ ಕಾದ ತಾಯಿಮಕ್ಕಳನ್ನು ಗಾಜಿನ ಗೋಡೆಯ ಎರಡು ಬದಿಯಲ್ಲಿ ಇನ್ನೂ ನಾಲ್ಕೂವರೆ ಗಂಟೆ ನಿಲ್ಲಿಸಿದವನು ನಾನು. ಚೀಟಿ ನೋಡಲು ಬೇಕಾಗಿದ್ದುದು ಅರೆನಿಮಿಷ.

ಅಗಸನ ಮನೆಯ ಬಟ್ಟೆ

ತೀರ್ಥಹಳ್ಳಿ ಸೀಮೆಯ ಕುಂದಾದ್ರಿಯೊಡನೆ ಪರಂಪರೆಯು ನೆನೆಯುವ ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ ತ್ಯಾಗದ ಸ್ವರೂಪವನ್ನು ಹೇಳುವಾಗ ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಇದು ಪರರ ವಸ್ತುವೆಂದು ಅರಿತವನು ಅದನ್ನು ಹೇಗೆ ಬಿಟ್ಟುಬಿಡುತ್ತಾನೋ, ಹಾಗೆ ಜ್ಞಾನಿಯು ಪರಭಾವಗಳನ್ನು ಪರವೆಂದು ಅರಿತು ಬಿಡುತ್ತಾನೆ ಎಂಬುದು ಅದರ ತಾತ್ಪರ್ಯ. ಅದರ ವ್ಯಾಖ್ಯಾನವಾದ ಆತ್ಮಖ್ಯಾತಿಯಲ್ಲಿ ಆಚಾರ್ಯ ಅಮೃತಚಂದ್ರರು ಆ ದೃಷ್ಟಾಂತವನ್ನು ಒಂದು ಪುಟ್ಟ ಪ್ರಸಂಗವಾಗಿ ಬೆಳೆಸಿದ್ದಾರೆ. ಒಬ್ಬನು ಅಗಸನ ಮನೆಯಿಂದ ಭ್ರಾಂತಿಯಿಂದ ಬೇರೊಬ್ಬನ ಬಟ್ಟೆಯನ್ನು ತಂದು, ತನ್ನದೇ ಎಂದು ಹೊದ್ದು ಮಲಗುತ್ತಾನೆ. ಬಟ್ಟೆಯ ಒಡೆಯ ಬಂದು ಸೆರಗನ್ನು ಹಿಡಿದೆಳೆದು, ಏಳು, ಬಟ್ಟೆ ಬದಲಾಗಿದೆ, ಇದು ನನ್ನದು ಎಂದು ಮತ್ತೆಮತ್ತೆ ಹೇಳುತ್ತಾನೆ. ಮಲಗಿದ್ದವನು ಎಚ್ಚೆತ್ತು, ಬಟ್ಟೆಯ ಗುರುತುಗಳನ್ನೆಲ್ಲ ಪರೀಕ್ಷಿಸಿ, ಪರರದೆಂದು ನಿಶ್ಚಯವಾದ ಕೂಡಲೇ ಅದನ್ನು ಬಿಟ್ಟುಕೊಡುತ್ತಾನೆ.

ಸಾವಿರ ವರ್ಷಗಳಷ್ಟು ಹಿಂದಿನ ಅಗಸನ ಮನೆಗೂ ಇಂದಿನ ಬೆಲ್ಟಿಗೂ ಏನೂ ವ್ಯತ್ಯಾಸವಿಲ್ಲವೆನಿಸುತ್ತದೆ. ಎರಡೂ ಕಡೆ ಹಲವರ ವಸ್ತುಗಳು ಒಂದೆಡೆ ಬೆರೆತಿರುತ್ತವೆ. ನೋಟಕ್ಕೆ ಒಂದೇ ತೆರನಾಗಿರುತ್ತವೆ. ಗಮನಿಸಬೇಕಾದುದು ಬಟ್ಟೆ ಬಿಡುವ ರೀತಿಯನ್ನು. ಪರರದೆಂದು ತಿಳಿದ ಮೇಲೆ ಆ ಮನುಷ್ಯ ಬಟ್ಟೆಗಾಗಿ ಕೊರಗುವುದಿಲ್ಲ. ತ್ಯಾಗ ಮಾಡಿದೆನೆಂದು ಹೆಮ್ಮೆಪಡುವುದೂ ಇಲ್ಲ. ಅರಿವು ಮೂಡಿದ ಕ್ಷಣವೇ ಕೈ ಸಡಿಲಿಸುತ್ತದೆ. ದೇಹ, ಸಂಪತ್ತು, ಕೀರ್ತಿ, ಕೋಪತಾಪಗಳು ಆತ್ಮನ ಸ್ವಭಾವವಲ್ಲವೆಂದು ನಿಶ್ಚಯವಾಗುವುದಕ್ಕೆ ಭೇದವಿಜ್ಞಾನವೆಂದು ಹೆಸರು. ಹಾಗೆ ನಿಶ್ಚಯವಾದವನಿಗೆ ಬಿಡುವುದು ಕಷ್ಟವಲ್ಲ.

ಕಷ್ಟವಿರುವುದು ಗುರುತುಗಳನ್ನು ಪರೀಕ್ಷಿಸುವುದರಲ್ಲಿ. ಅಗಸನ ಮನೆಯ ಬಟ್ಟೆ ಹೊದ್ದವನು ಕರೆದ ಕೂಡಲೇ ಎದ್ದು ನೋಡಿದ. ನಾನು ಕರೆದವರನ್ನೇ ಗದರಿದೆ. ಪೆಟ್ಟಿಗೆ ಬದಲಾದದ್ದು ಭ್ರಾಂತಿ. ‘ನಾನು ತಪ್ಪಲಾರೆ’ ಎಂದದ್ದು ಮಾನಕಷಾಯ. ಮೊದಲನೆಯದಕ್ಕಿಂತ ಎರಡನೆಯದು ದೊಡ್ಡ ದೋಷವೆಂದು ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಅನ್ನಿಸುತ್ತಿತ್ತು.

ನಾಲ್ಕನೆಯ ಸಮಿತಿ

ಅರಿಯದೆ ಒಯ್ದುದು ಕಳವಾಗುವುದೇ? ಕೊಡದುದನ್ನು ತೆಗೆದುಕೊಳ್ಳುವುದು ಚೌರ್ಯವೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಅವರು ಮುಂದಿಟ್ಟ ‘ಪ್ರಮತ್ತಯೋಗ’ವು ಇಲ್ಲಿಗೂ ಅನ್ವಯಿಸುತ್ತದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಕಷಾಯದಿಂದ ಕೂಡಿದ, ಎಚ್ಚರ ತಪ್ಪಿದ ಮನಸ್ಸಿನ ವ್ಯಾಪಾರವೇ ಪ್ರಮತ್ತಯೋಗ. ನನ್ನಲ್ಲಿ ಕದಿಯುವ ಬುದ್ಧಿ ಇರಲಿಲ್ಲ, ನಿಜ. ಆದರೆ ಎಚ್ಚರವೂ ಇರಲಿಲ್ಲ. ಬುದ್ಧಿಪೂರ್ವಕ ಕಳವಿನ ದೋಷದಿಂದ ಪಾರಾದರೂ ಪ್ರಮಾದದ ದೋಷ ನನ್ನನ್ನು ಬಿಡಲಿಲ್ಲ.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ನಾಲ್ಕನೆಯದು ಆದಾನ ನಿಕ್ಷೇಪಣ ಸಮಿತಿ. ಆದಾನವೆಂದರೆ ಎತ್ತಿಕೊಳ್ಳುವುದು, ನಿಕ್ಷೇಪಣವೆಂದರೆ ಇಡುವುದು. ದಿಗಂಬರ ಮುನಿಗಳ ಬಳಿ ಇರುವುದು ಸಂಯಮಕ್ಕೆ ನವಿಲುಗರಿಯ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಇಷ್ಟೇ ಇದ್ದರೂ, ಅವುಗಳಲ್ಲಿ ಒಂದನ್ನು ಎತ್ತುವ ಮೊದಲು ಕಣ್ಣಿನಿಂದ ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ, ಆಮೇಲೆ ಎತ್ತುತ್ತಾರೆ. ಇಡುವ ಜಾಗವನ್ನೂ ಹಾಗೆಯೇ ನೋಡಿ ಇಡುತ್ತಾರೆ. ಅಲ್ಲಿ ಆಶ್ರಯ ಪಡೆದ ಇರುವೆಯೋ ಕ್ರಿಮಿಯೋ ನೋಯಬಾರದೆಂಬುದೇ ಉದ್ದೇಶ. ಈ ಸಮಿತಿ ಇರುವೆಗಾಗಿ ಮಾತ್ರ ಎಂದುಕೊಂಡಿದ್ದೆ. ನೋಡದೆ ಎತ್ತಿದ ವಸ್ತುವಿನ ಕೆಳಗೆ ಮನುಷ್ಯರೂ ನಲುಗುತ್ತಾರೆಂದು ಅಂದು ಕಂಡೆ.

ಶ್ರಾವಕರಾದ ನಾವು ಪಿಂಛಿ ಹಿಡಿಯುವವರಲ್ಲ. ಆದರೆ ನೋಡಿ ಎತ್ತುವ ಅಭ್ಯಾಸ ನಮ್ಮ ಕೈಯಳತೆಯಲ್ಲಿದೆ. ಪೆಟ್ಟಿಗೆಯನ್ನು ಒಪ್ಪಿಸುವಾಗ ಹಿಡಿಕೆಗೆ ಅಂಟಿಸುವ ಚೀಟಿಯಲ್ಲಿ ಹತ್ತು ಅಂಕಿಗಳ ಸಂಖ್ಯೆ, ಪ್ರಯಾಣಿಕನ ಹೆಸರು, ತಲುಪಬೇಕಾದ ನಿಲ್ದಾಣದ ಮೂರಕ್ಷರದ ಸಂಕೇತ ಇರುತ್ತವೆ. ಬೆಂಗಳೂರಿಗೆ ಅದು ಬಿ.ಎಲ್.ಆರ್. ಅದೇ ಸಂಖ್ಯೆಯ ತುಂಡು ಚೀಟಿಯೊಂದು ನಮ್ಮ ಕೈಗೂ ಬರುತ್ತದೆ. ಎರಡನ್ನೂ ತಾಳೆ ನೋಡಿದರೆ ಸಾಕು. ಬಣ್ಣ, ಗಾತ್ರ, ಪಟ್ಟಿಗಳು ಹೊರಗಿನ ಲಕ್ಷಣಗಳು. ಅವು ಇನ್ನೊಂದರಲ್ಲಿಯೂ ಇರಬಹುದು. ಒಂದು ವಸ್ತುವಿನಲ್ಲಿ ಮಾತ್ರ ಇದ್ದು ಬೇರೆಲ್ಲಿಯೂ ಇರದುದೇ ನಿಜವಾದ ಲಕ್ಷಣವೆಂದು ನಮ್ಮ ನ್ಯಾಯಶಾಸ್ತ್ರವು ಕಲಿಸುತ್ತದೆ. ಬೇರೆಡೆಯೂ ಕಾಣುವ ಗುರುತನ್ನು ಲಕ್ಷಣವೆಂದು ನಂಬುವುದಕ್ಕೆ ಅತಿವ್ಯಾಪ್ತಿ ದೋಷವೆಂದು ಹೆಸರು. ನನ್ನ ಕೆಂಪು ಪಟ್ಟಿ ಆ ದೋಷಕ್ಕೆ ಸಿಕ್ಕಿಬಿದ್ದಿತ್ತು.

ಪೆಟ್ಟಿಗೆ ಬಾರದೇ ಹೋದರೂ ಎದೆಗುಂದಬೇಕಾಗಿಲ್ಲ. ನಿಲ್ದಾಣವನ್ನು ಬಿಡುವ ಮುನ್ನ ಅಲ್ಲಿಯೇ ಇರುವ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಪಡೆದುಕೊಳ್ಳಬೇಕು. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ 2009ರಲ್ಲಿ ಸೇರಿದೆ. ಅದರಂತೆ ಪೆಟ್ಟಿಗೆಗೆ ಹಾನಿಯಾಗಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಅದು ಕಳೆದುಹೋಯಿತೆಂದು ಪರಿಹಾರ ಕೇಳಬಹುದು. ಇಷ್ಟು ತಿಳಿದಿದ್ದರೆ ಕೌಂಟರಿನಲ್ಲಿ ಕುಳಿತವರ ಮೇಲೆ ಕೋಪಗೊಳ್ಳುವ ಪ್ರಸಂಗ ಬರುವುದಿಲ್ಲ. ರಾತ್ರಿಪಾಳಿಯ ಆ ನೌಕರ ಪೆಟ್ಟಿಗೆಯನ್ನು ಕಳೆದವನಲ್ಲ, ಹುಡುಕಿಕೊಡುವವನು.

ಭಾರದ ಲೆಕ್ಕ

ಪರಿಗ್ರಹವೆಂದರೆ ಕೇವಲ ವಸ್ತುವಲ್ಲ, ವಸ್ತುವಿನಲ್ಲಿ ಮೈಮರೆತ ಮಮತೆ ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ನಿಲುವು. ಹೊಲ, ಮನೆ, ಬೆಳ್ಳಿಬಂಗಾರ ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತು. ಮಿಥ್ಯಾತ್ವ, ಕ್ರೋಧಾದಿ ನಾಲ್ಕು ಕಷಾಯಗಳು, ಹಾಸ್ಯವೇ ಮೊದಲಾದ ಒಂಬತ್ತು ನೋಕಷಾಯಗಳು ಸೇರಿ ಅಂತರಂಗದ ಪರಿಗ್ರಹಗಳು ಹದಿನಾಲ್ಕು. ಹೊರಗಿನ ಹತ್ತನ್ನು ತೂಗಲು ತಕ್ಕಡಿ ಇದೆ. ಒಳಗಿನ ಹದಿನಾಲ್ಕನ್ನು ನಾವೇ ತೂಗಿಕೊಳ್ಳಬೇಕು.

ಹೊರಡುವ ದಿನ ವಿಮಾನ ನಿಲ್ದಾಣದ ತಕ್ಕಡಿಯ ಮುಂದೆ ನಡೆಯುವ ದೃಶ್ಯವನ್ನು ಹಲವರು ಕಂಡಿರಬಹುದು. ಬಹುಪಾಲು ಸಂಸ್ಥೆಗಳು ಸಾಮಾನ್ಯ ದರ್ಜೆಯ ಪ್ರಯಾಣಿಕರಿಗೆ ಒಂದು ಪೆಟ್ಟಿಗೆಗೆ 23 ಕಿಲೊ ಮಿತಿ ಇಟ್ಟಿರುತ್ತವೆ. ಮಿತಿ ಮೀರಿದಾಗ ನೆಲದ ಮೇಲೆಯೇ ಪೆಟ್ಟಿಗೆ ಬಿಚ್ಚಿ, ಒಂದರಿಂದ ತೆಗೆದು ಇನ್ನೊಂದಕ್ಕೆ ತುರುಕಿ, ಉಳಿದುದನ್ನು ಕೈಚೀಲಕ್ಕೆ ಸೇರಿಸುವ ಪರದಾಟ. ನಾವೂ ಅದನ್ನು ಮಾಡಿದವರೇ. ಮಗಳು ಬೇಡವೆಂದರೂ ಕೇಳದೆ, ಬೆಂಗಳೂರಿನ ಅಂಗಡಿಗಳಲ್ಲಿಯೇ ಸಿಗುವ ವಸ್ತುಗಳನ್ನು ಅಲ್ಲಿಂದ ಹೊತ್ತು ತಂದಿದ್ದೆವು. ಸಂಸ್ಥೆ ಹಾಕಿದ ಮಿತಿಗೆ ಗೊಣಗುತ್ತ ತಲೆಬಾಗುವ ನಾವು, ನಮಗೆ ನಾವೇ ಮಿತಿ ಹಾಕಿಕೊಳ್ಳುವ ಪರಿಗ್ರಹಪರಿಮಾಣ ವ್ರತವನ್ನು ಕಠಿಣವೆನ್ನುತ್ತೇವೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿತಿಮೀರಿ ವಾಹನ ಓಡಿಸುವುದು, ಮಿತಿಮೀರಿ ಸಂಗ್ರಹಿಸುವುದು, ಪರರ ಸಂಪತ್ತನ್ನು ಕಂಡು ವಿಸ್ಮಯಪಡುವುದು, ಲೋಭ, ಮತ್ತು ಅತಿಭಾರವನ್ನು ಹೊರಿಸುವುದು. ಉಮಾಸ್ವಾಮಿಗಳಾದರೋ ಅತಿಭಾರ ಹೊರಿಸುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಒಂದೇ ದೋಷ ಎರಡು ವ್ರತಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ನನ್ನ ಸಂಗ್ರಹವನ್ನು ಹೊರುವ ಬೆನ್ನು ಬೇರೊಬ್ಬರದಾಗಿರುತ್ತದೆ. ಒಂದು ಪೆಟ್ಟಿಗೆ 32 ಕಿಲೊ ದಾಟಿದರೆ ಬಹುತೇಕ ಸಂಸ್ಥೆಗಳು ಹೆಚ್ಚಿನ ಹಣ ಕೊಟ್ಟರೂ ಸ್ವೀಕರಿಸುವುದಿಲ್ಲ. ವಿಮಾನದ ಹೊಟ್ಟೆಯಲ್ಲಿ ಬಗ್ಗಿ ಕುಳಿತು ಅದನ್ನು ಎತ್ತಿಡುವ ಕಾರ್ಮಿಕರ ಸೊಂಟ ಕಾಪಾಡುವುದಕ್ಕಾಗಿ ಆ ನಿಯಮ. ನಮ್ಮ ಪೂರ್ವಿಕರು ಎತ್ತಿನ ಬೆನ್ನಿನ ಹೇರನ್ನು ನೆನೆದು ಹೇಳಿದ ಮಾತು ಇಂದು ನಾವು ಕಾಣದ ಆ ಕಾರ್ಮಿಕರಿಗೂ ಸಲ್ಲುತ್ತದೆ.

ಚಿಂತಾಮಣಿಯ ಆ ತಾಯಿಯ ಪೆಟ್ಟಿಗೆಯೂ ಪರಿಗ್ರಹವೇ ಅಲ್ಲವೇ ಎಂದು ಕೇಳಬಹುದು. ಇರಬಹುದು. ಆದರೆ ಅಳತೆ ತಿಳಿಯದೆ ತಂದ ಒಂದು ಜೊತೆ ಶೂವನ್ನು ಮಮತೆಯ ಲೆಕ್ಕಕ್ಕೆ ಸೇರಿಸುವ ಅಧಿಕಾರ ನನಗಿಲ್ಲ. ಶ್ರಾವಕನು ತೂಗಬೇಕಾದುದು ತನ್ನ ಪೆಟ್ಟಿಗೆಯನ್ನು.

ಹಸಿರು ದಾರಿ, ಕೆಂಪು ದಾರಿ

ಪೆಟ್ಟಿಗೆ ಕೈಗೆ ಬಂದ ಮೇಲೆ ಕಸ್ಟಮ್ಸ್ ದಾಟಬೇಕು. ಅಲ್ಲಿ ಎರಡು ದಾರಿಗಳು. ಸುಂಕ ತೆರಬೇಕಾದ ವಸ್ತು, ನಿಷಿದ್ಧ ವಸ್ತು, ಮಿತಿಗಿಂತ ಹೆಚ್ಚಿನ ಬಂಗಾರ ಇರುವವರಿಗೆ ಕೆಂಪು ದಾರಿ. ಘೋಷಿಸಬೇಕಾದುದು ಏನೂ ಇಲ್ಲದವರಿಗೆ ಹಸಿರು ದಾರಿ. ಹಸಿರು ದಾರಿಯಲ್ಲಿ ಕಾಲಿಟ್ಟವನು ಬಾಯಿ ತೆರೆಯದಿದ್ದರೂ ‘ನನ್ನ ಬಳಿ ಅಂಥದ್ದೇನೂ ಇಲ್ಲ’ ಎಂದು ಘೋಷಿಸಿದಂತೆಯೇ. ಮೌನದಲ್ಲಿಯೂ ಸತ್ಯವಿರುತ್ತದೆ, ಮೌನದಲ್ಲಿಯೂ ಅಸತ್ಯವಿರುತ್ತದೆ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ, ನ್ಯಾಯವಲ್ಲದ ದಾರಿಯಲ್ಲಿ ವಸ್ತುಗಳನ್ನು ಪಡೆಯುವುದು, ಸಾಗಿಸುವುದು ಅದರ ಅರ್ಥವ್ಯಾಪ್ತಿಯಲ್ಲಿ ಬರುತ್ತದೆ. ಗಡಿ ದಾಟಿ ವ್ಯಾಪಾರ ಮಾಡುತ್ತಿದ್ದ ಜೈನ ವಣಿಕರಿಗೆ ಈ ಮಾತು ದಿನನಿತ್ಯದ ಕಟ್ಟಳೆಯಾಗಿತ್ತು. ‘ಎಲ್ಲರೂ ತರುತ್ತಾರೆ, ಯಾರೂ ಕೇಳುವುದಿಲ್ಲ’ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಪರಿಚಿತರು ಕೊಟ್ಟ ಕಟ್ಟನ್ನು ಒಳಗೇನಿದೆಯೆಂದು ಕೇಳದೆ ಹೊತ್ತು ತರುವುದೂ ಈ ದೋಷಕ್ಕೆ ಹತ್ತಿರದ್ದೇ. ಅಂದು ನಾನು ಹಸಿರು ದಾರಿಯಲ್ಲಿ ತಲೆಯೆತ್ತಿ ನಡೆದುಬಂದಾಗ, ಒಳಗೇನಿದೆಯೆಂದೇ ತಿಳಿಯದ ಪೆಟ್ಟಿಗೆಯೊಂದಕ್ಕೆ ಜಾಮೀನು ನಿಂತಿದ್ದೆ. ಒಳಗೆ ಇದ್ದುದು ಬಟ್ಟೆಗಳು, ಖರ್ಜೂರ ಮತ್ತು ಒಂದು ಜೊತೆ ಶೂ. ಅದು ನನ್ನ ಪುಣ್ಯ.

ಕಾಯುವ ಹೊತ್ತು

ಹೊರಡುವಾಗ ಕೌಂಟರಿನಲ್ಲಿ ಕೇಳುವ ಪ್ರಶ್ನೆಯೊಂದಿದೆ: ‘ಈ ಪೆಟ್ಟಿಗೆಯನ್ನು ನೀವೇ ತುಂಬಿದಿರಾ?’ ಹೌದೆಂದು ತಲೆಯಾಡಿಸಿ ಒಪ್ಪಿಸುತ್ತೇವೆ. ಆಮೇಲೆ ಅದು ಕಣ್ಮರೆಯಾಗುತ್ತದೆ. ನಾವು ಮೇಲೆ ಊಟ ಮಾಡಿ, ನಿದ್ರಿಸಿ, ಅದನ್ನು ಮರೆತಿರುತ್ತೇವೆ. ಅದು ಕೆಳಗೆ ಕತ್ತಲಲ್ಲಿ ನಮ್ಮೊಡನೆಯೇ ಬರುತ್ತಿರುತ್ತದೆ. ಕರ್ಮವೂ ಹಾಗೆಯೇ. ಬಂಧವಾದ ಕರ್ಮ ಕೂಡಲೇ ಫಲ ಕೊಡುವುದಿಲ್ಲ. ಉದಯಕ್ಕೆ ಬರುವ ತನಕ ಸುಮ್ಮನಿರುವ ಅವಧಿಗೆ ಆಬಾಧಾಕಾಲವೆಂದು ಹೆಸರು. ಆ ಅವಧಿಯಲ್ಲಿ ಅದು ಕಾಣದು, ಬಾಧಿಸದು. ಕಾಣದ್ದರಿಂದ ಇಲ್ಲವೆಂದು ನಾವು ಭ್ರಮಿಸುತ್ತೇವೆ. ಕಾಲ ಬಂದಾಗ ನಾವೇ ತುಂಬಿದ್ದು ನಮ್ಮ ಮುಂದೆಯೇ ಬಂದು ನಿಲ್ಲುತ್ತದೆ.

ಈ ಹೋಲಿಕೆಗೂ ಒಂದು ಎಲ್ಲೆ ಇದೆ. ಪೆಟ್ಟಿಗೆ ಬೇರೆ ಊರಿಗೆ ಹೋಗಬಹುದು, ಬೇರೆಯವರ ಕೈ ಸೇರಬಹುದು. ಕರ್ಮ ವಿಳಾಸ ತಪ್ಪುವುದಿಲ್ಲ; ಒಬ್ಬರದನ್ನು ಇನ್ನೊಬ್ಬರು ಒಯ್ಯಲಾರರು. ಇನ್ನೊಂದು ವ್ಯತ್ಯಾಸ ಆಶಾದಾಯಕವಾದುದು. ವಿಮಾನ ಹಾರಿದ ಮೇಲೆ ಪೆಟ್ಟಿಗೆಯ ಭಾರವನ್ನು ಕಡಿಮೆ ಮಾಡಲಾಗದು. ಕರ್ಮದ ಭಾರವನ್ನು ದಾರಿಯಲ್ಲಿಯೇ ಇಳಿಸಬಹುದು. ಹೊಸದನ್ನು ತುಂಬದಂತೆ ತಡೆಯುವುದು ಸಂವರ. ಉದಯಕಾಲಕ್ಕೆ ಕಾಯದೆ ತಪಸ್ಸಿನಿಂದ ಹಳೆಯದನ್ನು ಉದುರಿಸುವುದು ಅವಿಪಾಕ ನಿರ್ಜರೆ. ಶ್ರಾವಕನಿಗೆ ಸುಲಭವಾದ ತಪಸ್ಸುಗಳಲ್ಲಿ ಒಂದು, ಆದ ತಪ್ಪನ್ನು ಒಪ್ಪಿಕೊಂಡು ಹಿಂದಿರುಗುವುದು. ಪ್ರತಿಕ್ರಮಣ ಎಂಬ ಶಬ್ದದ ಅರ್ಥವೇ ಹಿಂದಿರುಗುವಿಕೆ. ಬಿಡದಿಯಿಂದ ಕಾರನ್ನು ತಿರುಗಿಸಿದ ಆ ಮುಂಜಾನೆ ನಾನು ಕಾಲಿನಿಂದ, ಗಡಿಯಾರದಿಂದ ಪ್ರತಿಕ್ರಮಣವನ್ನು ಕಲಿತೆ.

ದಶಲಕ್ಷಣ ಪರ್ವದಲ್ಲಿ ನಾವು ಆರಾಧಿಸುವ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ, ಒಂಬತ್ತನೆಯದು ಉತ್ತಮ ಆಕಿಂಚನ್ಯ. ನನ್ನದೆಂಬುದು ಏನೂ ಇಲ್ಲವೆಂಬ ಆಕಿಂಚನ್ಯ ಭಾವ ನನಗೆ ಇನ್ನೂ ಬಹುದೂರ. ಕ್ಷಮೆಯನ್ನು ಮಾತ್ರ ಅಂದು ಕಣ್ಣಾರೆ ಕಂಡೆ. ಯಾವ ಶಾಸ್ತ್ರವನ್ನೂ ಓದದ ಆ ಹೆಣ್ಣುಮಗಳು ‘ನಾನಾಗಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ’ ಎಂದಳಲ್ಲ, ಕ್ಷಮಾವಾಣಿಯ ದಿನ ನಾವು ಪರಸ್ಪರ ಹೇಳಿಕೊಳ್ಳುವ ಮಾತುಗಳ ಸಾರವೆಲ್ಲ ಅದರಲ್ಲಿತ್ತು.

ಹೊರಗೆ ಬಂದಾಗ ಹುಡುಗ ತಾಯಿಯ ಸೆರಗು ಹಿಡಿದು ನಿಂತಿದ್ದ. ಆಕೆ ಅಲ್ಲಿಯೇ ಕುಳಿತು, ಅವನ ಕಾಲಿಗೆ ಶೂ ತೊಡಿಸಿ, ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ನೋಡಿದಳು. ಒಂದು ಬೆರಳಿನಷ್ಟು ದೊಡ್ಡದಾಗಿತ್ತು.

“ಆಗಲಿ ಬಿಡು, ಮುಂದಿನ ವರ್ಷಕ್ಕೂ ಬರುತ್ತದೆ” ಎಂದಳು.

ಆ ದಿನದಿಂದ ಯಾವ ವಸ್ತುವನ್ನು ಎತ್ತಿಕೊಳ್ಳುವಾಗಲೂ, ಅದು ನಮ್ಮ ಮನೆಯ ಅಂಗಳದಲ್ಲಿಯೇ ಇರಲಿ, ಒಮ್ಮೆ ನಿಂತು ನೋಡುತ್ತೇನೆ. ಓದುಗರೂ ಮುಂದಿನ ಪ್ರಯಾಣದಲ್ಲಿ ಬೆಲ್ಟಿನ ಬಳಿ ನಿಂತಾಗ ಅರೆನಿಮಿಷ ಚೀಟಿಯನ್ನು ನೋಡಲಿ. ಅದೊಂದು ಸಮಿತಿಯ ಪಾಲನೆಯಾಗುತ್ತದೆ. ಗಾಜಿನ ಗೋಡೆಯ ಆಚೆ ಯಾರೋ ಕಾಯುತ್ತಿರುತ್ತಾರೆ.